ಯಂತ್ರಕ್ಕೆ ಕಿವಿ ಬಂದ ಕಥೆ

ಬೆಂಗಳೂರಿನಲ್ಲಿ ‘ಆರ್ಕೆಸ್ಟ್ರಾ’ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಗಣೇಶನ ಪೆಂಡಾಲ್. ರಸ್ತೆಗೆ ಅಡ್ಡ ಹಾಕಿದ ಸ್ಟೇಜು, ಸೀರಿಯಲ್ ಲೈಟು, ಎರಡೂ ಪಕ್ಕ ಆಳೆತ್ತರದ ಸ್ಪೀಕರ್. ಒಬ್ಬರ ಮುಂದೆ ಕೀಬೋರ್ಡ್, ಒಬ್ಬರ ಮುಂದೆ ರಿದಮ್ ಪ್ಯಾಡ್, ಪಕ್ಕದಲ್ಲಿ ತಬಲಾ, ಗಿಟಾರ್, ಹಾಡುವವರು ಇಬ್ಬರೋ ಮೂವರೋ. ಹಾಡಿನಲ್ಲಿ ಪಿಟೀಲುಗಳ ಸಾಲು ಬಂದರೆ ಕೀಬೋರ್ಡಿನವರೇ ನುಡಿಸುತ್ತಾರೆ. ಕೊಳಲೂ ಅಲ್ಲೇ, ಶಹನಾಯಿಯೂ ಅಲ್ಲೇ. ಪ್ಯಾಡಿನ ಒಂದು ಚೌಕಕ್ಕೆ ಕೋಲು ಬಿದ್ದರೆ ತಮಟೆ, ಪಕ್ಕದ ಚೌಕಕ್ಕೆ ಬಿದ್ದರೆ ಘಟ.

ನಾನು ಬೆಳೆದಿದ್ದು ಚಾಮರಾಜಪೇಟೆಯಲ್ಲಿ. ಗಣೇಶನ ಹಬ್ಬಕ್ಕೆ ಈ ಆರ್ಕೆಸ್ಟ್ರಾ. ಬೇಸಿಗೆ ಬಂತೆಂದರೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗಳು, ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವಂಥವು. ಎರಡನ್ನೂ ಒಂದೇ ಕಿವಿಯಲ್ಲಿ ಕೇಳಿದವರು ನಾವು. ಹಾಗಾಗಿ ಶಾಸ್ತ್ರೀಯ ಸಂಗೀತ, ದೊಡ್ಡ ವಾದ್ಯವೃಂದ, ಎಲೆಕ್ಟ್ರಾನಿಕ್ ಸದ್ದು ಮೂರನ್ನೂ ಸೇರಿಸಿ ಬರೆದ ಕೃತಿ ಇದೆ ಅಂದಾಗ ನನಗೆ ಆಶ್ಚರ್ಯ ಆಗಲಿಲ್ಲ. ಆಸೆ ಆಯಿತು.

ಆ ಕೃತಿಯ ಹೆಸರು ‘ಮದರ್‌ಶಿಪ್’. ಅಮೆರಿಕದ ಮೇಸನ್ ಬೇಟ್ಸ್ ಬರೆದಿದ್ದು. 2011ರ ಮಾರ್ಚಿನಲ್ಲಿ ಸಿಡ್ನಿಯ ಆಪೆರಾ ಹೌಸ್‌ನಲ್ಲಿ ಮೊದಲ ಸಲ ನುಡಿಸಿದರು. ನುಡಿಸಿದ್ದು ಯೂಟ್ಯೂಬ್ ಮೂಲಕ ಬೇರೆ ಬೇರೆ ದೇಶಗಳಿಂದ ಆರಿಸಿದ ಕಲಾವಿದರ ಆರ್ಕೆಸ್ಟ್ರಾ, ನಡೆಸಿದವರು ಮೈಕಲ್ ಟಿಲ್ಸನ್ ಥಾಮಸ್. ಬೇಟ್ಸ್ ತಮ್ಮ ಇಂಥ ಕೃತಿಗಳಲ್ಲಿ ಲ್ಯಾಪ್‌ಟಾಪ್ ಮತ್ತು ಪ್ಯಾಡ್ ಇಟ್ಟುಕೊಂಡು ತಾಳವಾದ್ಯದವರ ಸಾಲಿನಲ್ಲೇ ಕೂರುತ್ತಾರೆ. ಅಂದರೆ ಯಂತ್ರ ಎಲ್ಲೋ ಪರದೆ ಹಿಂದೆ ಇರುವುದಿಲ್ಲ, ಡ್ರಮ್ಮಿನ ಪಕ್ಕದಲ್ಲಿ ಅದೂ ಒಂದು ವಾದ್ಯ. ‘ಮದರ್‌ಶಿಪ್’ ಅಂದರೆ ತಾಯಿಹಡಗು. ಆರ್ಕೆಸ್ಟ್ರಾ ಆ ಹಡಗು. ನಡುನಡುವೆ ಎಲೆಕ್ಟ್ರಿಕ್ ಗಿಟಾರ್, ಪಿಟೀಲು, ಬಾಸ್, ಚೀನಾದ ಝೆಂಗ್ ಎಂಬ ತಂತಿವಾದ್ಯ ಒಂದೊಂದಾಗಿ ಬಂದು ಹಡಗಿಗೆ ತಗುಲಿಕೊಂಡು, ತಮ್ಮಷ್ಟಕ್ಕೆ ವಿಸ್ತಾರ ಮಾಡಿ ಹೊರಡುತ್ತವೆ. ಆ ಭಾಗಗಳನ್ನು ಬರೆದಿಟ್ಟಿಲ್ಲ, ಆ ಕ್ಷಣಕ್ಕೆ ಹೊಳೆದಿದ್ದನ್ನು ನುಡಿಸಬೇಕು. ನಮ್ಮ ಕಚೇರಿಯವರು ಅದಕ್ಕೆ ಮನೋಧರ್ಮ ಅನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನಲ್ಲೇ ಇಂಥದ್ದೇ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಪಿಟೀಲು, ಮೃದಂಗ, ಒಂದಷ್ಟು ಪಾಶ್ಚಾತ್ಯ ತಂತಿವಾದ್ಯಗಳು, ಲ್ಯಾಪ್‌ಟಾಪ್. ಕಲ್ಯಾಣಿ ರಾಗ. ಪಿಟೀಲಿನವರಿಗೆ ಒಂದು ಸಂಗತಿ, ಅಂದರೆ ಅದೇ ಸಾಲನ್ನು ಬೇರೆ ಥರ ನುಡಿಸುವ ಬಗೆ, ಹೊಳೆಯಿತು. ಅದನ್ನು ತಾಳದ ಇನ್ನೊಂದು ಸುತ್ತು ಬೆಳೆಸಿದರು. ಮೃದಂಗದವರು ತಲೆ ಆಡಿಸಿ ಜೊತೆಗೆ ಹೋದರು. ಲ್ಯಾಪ್‌ಟಾಪಿನ ಟ್ರ್ಯಾಕ್ ಮಾತ್ರ ತನ್ನ ಪಾಡಿಗೆ ಮುಂದಿನ ಭಾಗಕ್ಕೆ ಹೋಗಿಬಿಟ್ಟಿತು. ಪಿಟೀಲಿನವರು ಸಂಗತಿಯನ್ನು ಅರ್ಧಕ್ಕೆ ಬಿಟ್ಟು, ಟ್ರ್ಯಾಕ್ ಹಿಂದೆ ಓಡಿ ಹಿಡಿದುಕೊಂಡರು. ಸಭೆಯಲ್ಲಿ ಚಪ್ಪಾಳೆಯೇನೋ ಬಂತು. ಆದರೆ ಅರ್ಧಕ್ಕೆ ನಿಂತ ಆ ಸಂಗತಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಯಂತ್ರ ಬೆರೆಸಬಹುದಾ ಬಾರದಾ ಅಂತ ನಮ್ಮಲ್ಲಿ ಜಾಸ್ತಿ ಜಗಳ ಆಗುತ್ತದೆ. ಆ ದಿನದ ಮೇಲೆ ನನಗೆ ಆ ಜಗಳದಲ್ಲಿ ಆಸಕ್ತಿ ಹೋಯಿತು. ಬೆರೆತು ನೂರು ವರ್ಷ ಆಗಿದೆ. ಕೇಳಬೇಕಾದ ಪ್ರಶ್ನೆ ಬೇರೆ: ಪಕ್ಕದವರು ನುಡಿಸುವುದು ಯಂತ್ರಕ್ಕೆ ಕೇಳಿಸುತ್ತದಾ?

ಹಕ್ಕಿಯ ಪ್ಲೇಟು, ಕುದುರೆಯ ಹೆಸರು

1924ರಲ್ಲಿ ಇಟಲಿಯ ರೆಸ್ಪೀಗಿ ರೋಮಿನ ಪೈನ್ ಮರಗಳ ಮೇಲೆ ಒಂದು ಕೃತಿ ಬರೆದರು. ಅದರ ಮೂರನೇ ಭಾಗದ ಕೊನೆಗೆ ನೈಟಿಂಗೇಲ್ ಹಕ್ಕಿ ಕೂಗಬೇಕು. ಅದನ್ನು ಕೊಳಲಿನಲ್ಲಿ ಅನುಕರಣೆ ಮಾಡಿಸದೆ, ಗ್ರಾಮಫೋನ್ ಪ್ಲೇಟನ್ನೇ ಹಾಕಿಸಿದರು. ಹಕ್ಕಿ ಕೂಗುವಾಗ ತಂತಿವಾದ್ಯಗಳು ತಗ್ಗಿ, ಮೆಲ್ಲಗೆ ಒಂದೇ ಸಮ ನುಡಿಯುತ್ತವೆ. ಪ್ಲೇಟಿಗೆ ಏನೂ ಕೇಳಿಸದು, ಆರ್ಕೆಸ್ಟ್ರಾವೇ ಅದಕ್ಕೆ ದಾರಿ ಬಿಡಬೇಕು. ಮುಂದಿನ ಐವತ್ತು ಅರವತ್ತು ವರ್ಷ ಬಹುಪಾಲು ಇದೇ ಏರ್ಪಾಡು ನಡೆಯಿತು.

ಆದರೆ ಅದೇ ಕಾಲದಲ್ಲಿ ಬೇರೆ ಒಂದು ದಾರಿಯೂ ಇತ್ತು. 1920ರ ಹೊತ್ತಿಗೆ ರಷ್ಯಾದ ಲೆವ್ ಥೆರೆಮಿನ್ ಮುಟ್ಟದೆ ನುಡಿಸುವ ವಾದ್ಯ ಮಾಡಿದರು. ಎರಡು ಆಂಟೆನಾ. ಗಾಳಿಯಲ್ಲಿ ಒಂದು ಕೈ ಆಡಿಸಿದರೆ ಸ್ವರ ಏರಿಳಿಯುತ್ತದೆ, ಇನ್ನೊಂದು ಕೈಯಿಂದ ಸದ್ದು ಜೋರು, ಮೆಲು. 1928ರಲ್ಲಿ ಫ್ರಾನ್ಸಿನ ಮಾರ್ಟೆನೋ ಇನ್ನೊಂದು ವಾದ್ಯ ತಂದರು. ಬೆರಳಿಗೆ ಉಂಗುರ ಹಾಕಿ ತಂತಿಯ ಉದ್ದಕ್ಕೂ ಎಳೆಯುವುದು. ಹೆಸರು ಓಂಡ್ ಮಾರ್ಟೆನೋ. ಈ ಎರಡೂ ವಾದ್ಯಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರಬಹುದು, ನಡುಗಿಸಬಹುದು, ತೂಗಬಹುದು. ನಮ್ಮ ಗಮಕಕ್ಕೆ ಬೇಕಾದ್ದು ಇದೇ ಅಲ್ವಾ? ವಿದ್ಯುತ್ ವಾದ್ಯ ಅಂದರೆ ಮನೆ ಮನೆಯಾಗಿ ಕತ್ತರಿಸಿದ ಸ್ವರ ಅಂತ ನಾವು ತಿಳಿದಿದ್ದೇವೆ. ಮೊದಲು ಹುಟ್ಟಿದವು ಹಾಗಿರಲಿಲ್ಲ. ಕೀಬೋರ್ಡ್ ಗೆದ್ದಿದ್ದು ಆಮೇಲೆ.

ಓಂಡ್ ಮಾರ್ಟೆನೋಗೆ ಬಂದ ದೊಡ್ಡ ಕೃತಿಯ ಹೆಸರು ಕೇಳಿದರೆ ಕನ್ನಡಿಗರ ಕಿವಿ ನೆಟ್ಟಗಾಗಬೇಕು: ‘ತುರಂಗಲೀಲಾ’ ಸಿಂಫನಿ. ಬರೆದವರು ಫ್ರಾನ್ಸಿನ ಒಲಿವಿಯೆ ಮೆಸಿಯಾನ್. 1949ರ ಡಿಸೆಂಬರ್ 2ರಂದು ಬಾಸ್ಟನ್‌ನಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಮೊದಲ ಸಲ ನಡೆಸಿದರು. ಹತ್ತು ಭಾಗ, ಸುಮಾರು ಒಂದೂಕಾಲು ಗಂಟೆ. ತುರಂಗ ಅಂದರೆ ಕುದುರೆ. ಕುದುರೆಯ ಹಾಗೆ ಓಡುವ ಕಾಲ ಅಂತ ಮೆಸಿಯಾನ್ ಅರ್ಥ ಮಾಡಿಕೊಂಡರು. ಹೆಸರು ಬರೀ ಶೋಕಿಗೆ ಬಂದಿದ್ದಲ್ಲ. ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ 120 ದೇಶೀ ತಾಳಗಳನ್ನು ಹೇಳಿದ್ದಾನೆ. ಆ ಪಟ್ಟಿಯನ್ನು ಮೆಸಿಯಾನ್ ಫ್ರೆಂಚ್ ವಿಶ್ವಕೋಶವೊಂದರಲ್ಲಿ ನೋಡಿ, ವರ್ಷಗಟ್ಟಲೆ ಅಭ್ಯಾಸ ಮಾಡಿ, ತಮ್ಮ ಲಯಕ್ಕೆ ಬಳಸಿಕೊಂಡರು. ಸೇವುಣರು ಕನ್ನಡ ನೆಲಕ್ಕೆ ದೂರದವರಲ್ಲ. ಅವರ ಶಾಸನಗಳು ಕನ್ನಡದಲ್ಲೂ ಇವೆ. ಅಲ್ಲಿ ಬರೆದಿಟ್ಟ ತಾಳ, ಪ್ಯಾರಿಸ್ಸಿನ ವಿದ್ಯುತ್ ವಾದ್ಯದ ಜೊತೆ ಬಾಸ್ಟನ್ನಿನಲ್ಲಿ ಕೇಳಿಸಿತು. ಇದನ್ನು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಅಷ್ಟರಲ್ಲಿ ಮುದ್ರಿಸಿದ ಸದ್ದನ್ನೇ ಜೋಡಿಸುವುದು ಶುರುವಾಗಿತ್ತು. ಪ್ಯಾರಿಸ್ ರೇಡಿಯೊದಲ್ಲಿದ್ದ ಪಿಯೆರ್ ಶೆಫೆರ್ 1948ರಲ್ಲಿ ಪ್ಲೇಟಿನ ಮೇಲೆ ಮುದ್ರಿಸಿದ ರೈಲಿನ ಸದ್ದುಗಳನ್ನು ಜೋಡಿಸಿ ಸಂಗೀತ ಮಾಡಿದರು. ಆಮೇಲೆ ಟೇಪ್ ಬಂತು. 1954ರಲ್ಲಿ ಎಡ್ಗರ್ ವರೇಸ್ ಅವರ ‘ಡೆಸೇರ್’, ಅಂದರೆ ಮರುಭೂಮಿಗಳು, ಪ್ಯಾರಿಸ್‌ನಲ್ಲಿ ನುಡಿಯಿತು. ಗಾಳಿವಾದ್ಯ, ತಾಳವಾದ್ಯ, ಪಿಯಾನೊ, ಜೊತೆಗೆ ಟೇಪು. ಅವತ್ತಿನ ಕಾರ್ಯಕ್ರಮದಲ್ಲಿ ಇದರ ಮುಂಚೆ ಮೊಜಾರ್ಟ್, ಆಮೇಲೆ ಚೈಕೋವ್‌ಸ್ಕಿ. ಮೊಜಾರ್ಟ್ ಕೇಳಲು ಬಂದವರು ಟೇಪಿನ ಕಾರ್ಖಾನೆ ಸದ್ದು ಕೇಳಿ ಕೂಗಾಡಿದರು. ರೇಡಿಯೊದಲ್ಲಿ ನೇರ ಪ್ರಸಾರ ಆಗುತ್ತಿದ್ದರಿಂದ ಗಲಾಟೆಯೂ ಪ್ರಸಾರ ಆಯಿತು. ಹೆಚ್ಚಿನವರು ಈ ಗಲಾಟೆಯನ್ನು ನೆನೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಕೃತಿಯ ಕಟ್ಟಡ. ವಾದ್ಯಗಳು ನುಡಿಯುವಾಗ ಟೇಪ್ ಸುಮ್ಮನಿರುತ್ತದೆ. ಟೇಪ್ ಮೂರು ಸಲ ಬರುತ್ತದೆ, ಆಗ ವಾದ್ಯಗಳು ಸುಮ್ಮನಿರುತ್ತವೆ. ಇಬ್ಬರನ್ನೂ ಒಂದೇ ವೇದಿಕೆಗೆ ಕರೆದು ತಂದರೂ ಒಟ್ಟಿಗೆ ಮಾತಾಡಲು ವರೇಸ್ ಬಿಡಲಿಲ್ಲ. ಟೇಪಿಗೆ ಕಿವಿ ಇಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಅದೇ ವರ್ಷ ಅಮೆರಿಕದ ಲೂಯಿವಿಲ್‌ನಲ್ಲಿ ಲ್ಯೂನಿಂಗ್ ಮತ್ತು ಉಸಚೆವ್‌ಸ್ಕಿ ಟೇಪನ್ನೂ ಆರ್ಕೆಸ್ಟ್ರಾವನ್ನೂ ಒಟ್ಟಿಗೇ ನುಡಿಸಿದರು. ಅಲ್ಲಿ ಟೇಪಿನ ಓಟಕ್ಕೆ ಹೊಂದಿಕೊಳ್ಳುವ ಹೊರೆ ಮನುಷ್ಯರ ಮೇಲೆ ಬಿತ್ತು.

ನಮ್ಮ ಮನೆಯೊಳಗೆ

ಈಗ ನಮ್ಮ ಕಡೆ ಬರೋಣ. ಹೊರಗಿನ ಸದ್ದನ್ನು ಒಳಗೆ ಕರೆದುಕೊಳ್ಳುವುದು ಕರ್ನಾಟಕ ಸಂಗೀತಕ್ಕೆ ಹೊಸದಲ್ಲ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು, ನೊಟ್ಟುಸ್ವರ ಅಂತ ಇವತ್ತಿಗೂ ಮಕ್ಕಳಿಗೆ ಹೇಳಿಕೊಡುತ್ತೇವೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತರು. ಇನ್ನೂರು ವರ್ಷದಲ್ಲಿ ಪಿಟೀಲಿಲ್ಲದ ಕಚೇರಿಯೇ ಅಪರೂಪ ಅನ್ನುವ ಹಾಗಾಯಿತು.

ಮೈಸೂರಿನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೇ ಕರ್ನಾಟಕ ಬ್ಯಾಂಡ್ ಒಂದು, ಪಾಶ್ಚಾತ್ಯ ಬ್ಯಾಂಡ್ ಒಂದು ಇದ್ದವು. ಜರ್ಮನಿಯ ಓಟ್ಟೊ ಶ್ಮಿಟ್ ಅಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ಕದ್ರಿ ಗೋಪಾಲನಾಥ್ ಅವರಿಗೆ ಸ್ಯಾಕ್ಸೊಫೋನ್ ಮೇಲೆ ಮನಸ್ಸಾಗಿದ್ದು ಅದೇ ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ. ಜಯಚಾಮರಾಜ ಒಡೆಯರ್ ಇನ್ನೂ ಮುಂದೆ ಹೋದರು. ಪಿಯಾನೊ ಕಲಿತವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ನುಡಿದದ್ದು ಮೈಸೂರಿನ ಈ ದೊರೆ ಕೊಟ್ಟ ಹಣದ ಭರವಸೆಯಿಂದ. ಅದೇ ದೊರೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದೇ ತಲೆಯಲ್ಲಿ ಎರಡೂ ಸಂಗೀತಕ್ಕೆ ಜಾಗ ಇತ್ತು. ಆದರೆ ಅವೆರಡೂ ಒಂದೇ ಕೃತಿಯಲ್ಲಿ ಬೆರೆಯಲಿಲ್ಲ ಅನ್ನುವುದನ್ನೂ ಗಮನಿಸಬೇಕು.

ಯಂತ್ರ ನಮ್ಮ ಸಂಗೀತಕ್ಕೆ ಬಂದಿದ್ದು ಜೋರಿನ ದಾರಿಯಿಂದ. ಮೈಸೂರು ಟಿ. ಚೌಡಯ್ಯನವರು 1920ರ ದಶಕದಲ್ಲಿ ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಸೇರಿಸಿ ಏಳು ಮಾಡಿಕೊಂಡರು. ಮೈಕ್ ಇಲ್ಲದ ದಿನಗಳು. ಹಿಂದಿನ ಸಾಲಿನಲ್ಲಿ ಕೂತವರಿಗೂ ಪಿಟೀಲು ಕೇಳಬೇಕಿತ್ತು. ಆಮೇಲೆ ಮೈಕ್ ಬಂತು, ಆ ಸಮಸ್ಯೆ ಹೋಯಿತು. 1980ರಲ್ಲಿ ವಯ್ಯಾಲಿಕಾವಲಿನ ಪಕ್ಕ ಪಿಟೀಲಿನ ಆಕಾರದಲ್ಲೇ ಚೌಡಯ್ಯ ಸ್ಮಾರಕ ಭವನ ಎದ್ದಿತು. ಸದ್ದು ಮುಟ್ಟಿಸಲು ಇಷ್ಟು ಒದ್ದಾಡಿದವರ ಹೆಸರಿನ ಸಭಾಂಗಣದಲ್ಲಿ ಇವತ್ತು ಲ್ಯಾಪ್‌ಟಾಪೂ ನುಡಿಯುತ್ತದೆ. ಅವರು ಇದ್ದಿದ್ದರೆ ಮುಂದೆ ಬಂದು ಕೂತು ನೋಡುತ್ತಿದ್ದರು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ನಿಜವಾದ ತಕರಾರು ಹುಟ್ಟಿದ್ದು ಹಾರ್ಮೋನಿಯಂನಿಂದ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನುಡಿಸುವುದನ್ನೇ ನಿಲ್ಲಿಸಿತು. 1971ರವರೆಗೂ ಆ ನಿಷೇಧ ಇತ್ತು. ನಿಷೇಧಕ್ಕೂ ಮುಂಚೆಯೇ ಹಾರ್ಮೋನಿಯಂ ವಿರುದ್ಧ ಬರೆದವರಲ್ಲಿ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರೂ ಒಬ್ಬರು. ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದವರು. ಅವರು ಬೆರಕೆಯ ವಿರೋಧಿಯಲ್ಲ. ಭಾರತೀಯ ವಾದ್ಯ, ಯುರೋಪಿನ ವಾದ್ಯ ಎರಡನ್ನೂ ಸೇರಿಸಿ ರೇಡಿಯೊಗೆ ಆರ್ಕೆಸ್ಟ್ರಾ ಕಟ್ಟಿದವರೇ ಅವರು. 1939ರಲ್ಲಿ ಕಲ್ಕತ್ತದಲ್ಲಿ ಕಾಲರಾದಿಂದ ತೀರಿಕೊಂಡರು, ಆ ಕೆಲಸ ಅಲ್ಲಿಗೇ ನಿಂತಿತು. 1952ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾದ್ಯವೃಂದ ಶುರುವಾದಾಗ ರವಿಶಂಕರ್ ಅದನ್ನು ಬೇರೆ ರೀತಿಯಲ್ಲಿ ಕೈಗೆತ್ತಿಕೊಂಡರು.

ಹಾರ್ಮೋನಿಯಂ ಮೇಲಿನ ದೂರು ಏನಿತ್ತು? ಸ್ವರ ಮನೆಗಳಲ್ಲಿ ಕೂತಿದೆ, ಜಾರುವುದಿಲ್ಲ ಅಂತ. ತೋಡಿ ರಾಗದ ಗಾಂಧಾರವನ್ನು, ಅಂದರೆ ‘ಗ’ ಸ್ವರವನ್ನು, ನೆನಪಿಸಿಕೊಳ್ಳಿ. ಅದು ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ಅಲುಗಾಡುತ್ತಾ ಇದ್ದರೆ ಮಾತ್ರ ತೋಡಿ. ಒಂದು ಮನೆ ಒತ್ತಿ ಹಿಡಿದರೆ ಅದು ತೋಡಿಯಲ್ಲ. ಇನ್ನೂ ಸೂಕ್ಷ್ಮವಾದ ತೊಂದರೆ ಒಂದಿದೆ. ಒಳ್ಳೆ ತಂಬೂರಿಯ ಮುಂದೆ ಕಣ್ಣು ಮುಚ್ಚಿ ಕೂತರೆ ಷಡ್ಜದ, ಅಂದರೆ ‘ಸ’ದ, ತಂತಿಯೊಳಗಿಂದ ತಾನಾಗಿಯೇ ಒಂದು ಗಾಂಧಾರ ಕೇಳುತ್ತದೆ, ಅಂತರ ಗಾಂಧಾರ. ತಂತಿಯ ಮೂಲ ಕಂಪನದ ಐದು ಪಟ್ಟು ವೇಗದಲ್ಲಿ ಮಿಡಿಯುವ ಉಪಸ್ವರ ಅದು. ಕೀಬೋರ್ಡ್ ಒಂದು ಸ್ಥಾಯಿಯನ್ನು, ಅಂದರೆ ‘ಸ’ದಿಂದ ಮೇಲಿನ ‘ಸ’ದವರೆಗಿನ ದೂರವನ್ನು, 12 ಸಮ ಭಾಗ ಮಾಡುತ್ತದೆ. ಒಂದೊಂದು ಭಾಗವನ್ನು 100 ಸೆಂಟ್ ಅಂತ ಎಣಿಸಿದರೆ ಕೀಬೋರ್ಡಿನ ಗಾಂಧಾರ 400ಕ್ಕೆ ಬರುತ್ತದೆ, ತಂಬೂರಿಯದು ಸುಮಾರು 386ಕ್ಕೆ. 14 ಸೆಂಟ್ ವ್ಯತ್ಯಾಸ. ಕಾಗದದ ಮೇಲೆ ಚಿಕ್ಕದು. ಎರಡನ್ನೂ ಒಟ್ಟಿಗೆ ಹಿಡಿದಾಗ ಸ್ವರ ಅಲೆ ಅಲೆಯಾಗಿ ನಡುಗುವುದು ಕಿವಿಗೆ ಚುಚ್ಚುತ್ತದೆ.

ಈ ತಂಬೂರಿಯನ್ನೇ ಯಂತ್ರ ಮಾಡಿದ್ದು ನಮ್ಮ ಬೆಂಗಳೂರು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ, ತಂಬೂರಿಗಳ ಕೆಲಸ ಶುರು ಮಾಡಿದರು. ರಾಡೆಲ್ ಅನ್ನುವ ಹೆಸರು ಸಂಗೀತ ಕಲಿಯುವ ಮನೆಗಳಿಗೆಲ್ಲ ಗೊತ್ತು. ಆಮೇಲೆ ‘ತಾಳಮಾಲಾ’ ಎಂಬ ಎಲೆಕ್ಟ್ರಾನಿಕ್ ತಬಲಾವನ್ನೂ ಮಾಡಿದರು. ವಿಮಾನದ ಊರು ತಂಬೂರಿಯ ಪೆಟ್ಟಿಗೆ ಕೊಟ್ಟಿತು. ಮೊದಮೊದಲು ಹಿರಿಯರು ಮೂಗು ಮುರಿದರು. ಈಗ ಅದಿಲ್ಲದೆ ದಿನದ ಸಾಧನೆ ಎಷ್ಟೋ ಜನರಿಗೆ ಆಗುವುದಿಲ್ಲ, ಅದೂ ಫೋನಿನೊಳಗೆ ಬಂದು ಕೂತಿದೆ. ಶುದ್ಧ ಶಾಸ್ತ್ರೀಯ ಅಂತ ನಾವು ಕೇಳುವ ಕಚೇರಿಯಲ್ಲೂ ಎಲೆಕ್ಟ್ರಾನಿಕ್ ಸದ್ದು ಮೊದಲಿಂದ ಕೊನೆಯವರೆಗೆ ಇರುತ್ತದೆ. ಶ್ರುತಿ ಬದಲಾಗಬೇಕಾಗಿಲ್ಲ, ಆದ್ದರಿಂದ ಅದಕ್ಕೆ ಕಿವಿ ಇಲ್ಲದಿದ್ದರೂ ನಡೆಯುತ್ತದೆ. ಲಯದ ಯಂತ್ರಕ್ಕೆ ಈ ರಿಯಾಯಿತಿ ಇಲ್ಲ.

ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ 1969ರಲ್ಲೇ ಮೂಗ್ ಕಂಪನಿಯ ಒಂದು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಯಂತ್ರ, ಇತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಜೋಡಿಸಿಕೊಟ್ಟಿದ್ದರು. ಪಖಾವಜ್ ಎಂಬ ತಾಳವಾದ್ಯ ನುಡಿಸುತ್ತಿದ್ದ ಗೀತಾ ಸಾರಾಭಾಯಿ ಮುಂತಾದವರು ಅದರಲ್ಲಿ ಕೃತಿಗಳನ್ನು ಮಾಡಿದರು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಸುಮಾರು ಐದು ದಶಕ ಸುಮ್ಮನೆ ಬಿದ್ದಿದ್ದವು. ಅಷ್ಟು ಮುಂಚೆ ಶುರುವಾದ ಕೆಲಸ ಮುಂದುವರಿದಿದ್ದರೆ ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅದು ಮುಂದುವರಿದಿದ್ದು ಸಿನಿಮಾದಲ್ಲಿ. 1982ರಲ್ಲಿ ಮುಂಬೈನ ಸಿನಿಮಾ ವಾದಕ ಚರಣಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ಬಡಿತಕ್ಕೆ ಸಿಂಥಸೈಜರಿನಲ್ಲಿ ನುಡಿಸಿದರು. 1983ರಲ್ಲಿ ಮಿಡಿ ಎಂಬ ಏರ್ಪಾಡು ಬಂದು ಒಂದು ಯಂತ್ರ ಇನ್ನೊಂದರ ಜೊತೆ ಮಾತಾಡುವ ಹಾಗಾಯಿತು. ಎರಡು ವರ್ಷಕ್ಕೆ ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್. ಎಂಟು ಚೌಕ, ಎಂಟು ಸದ್ದು. ನಮ್ಮ ಪೆಂಡಾಲಿನ ರಿದಮ್ ಪ್ಯಾಡಿನ ಮೂಲಪುರುಷ ಅದೇ. ಇದರಿಂದ ಸಂಗೀತ ಮಾಡುವುದು ಅಗ್ಗವಾಯಿತು, ಎಷ್ಟೋ ಹುಡುಗರಿಗೆ ಕೆಲಸ ಸಿಕ್ಕಿತು. ಆದರೆ ಸ್ಟುಡಿಯೊಗಳಲ್ಲಿ ಸಾಲಾಗಿ ಕೂತು ಪಿಟೀಲು ನುಡಿಸುತ್ತಿದ್ದವರ ಕೆಲಸ ಹೋಯಿತು. ಈ ಎರಡನೆಯದನ್ನು ನಾವು ಸಾಕಷ್ಟು ಹೇಳಿಲ್ಲ. ಆರ್ಕೆಸ್ಟ್ರಾ ಮತ್ತು ಯಂತ್ರ ಸೇರಿದ ಕಥೆಯಲ್ಲಿ, ಯಂತ್ರ ಬಂದು ಆರ್ಕೆಸ್ಟ್ರಾವನ್ನೇ ಎಬ್ಬಿಸಿ ಕಳಿಸಿದ ಅಧ್ಯಾಯವೂ ಇದೆ.

ಕಿವಿ ಬಂದಿದ್ದು

ಯಂತ್ರಕ್ಕೆ ಕಿವಿ ಕೊಡುವ ಪ್ರಯತ್ನ ಯುರೋಪಿನಲ್ಲಿ ನಡೆದಿತ್ತು. 1964ರಲ್ಲಿ ಸ್ಟಾಕ್‌ಹೌಸನ್ ‘ಮಿಕ್ಸ್ಟೂರ್’ ಕೃತಿಯಲ್ಲಿ ಆರ್ಕೆಸ್ಟ್ರಾದ ಮುಂದೆ ಮೈಕ್ ಇಟ್ಟು, ನುಡಿಸುತ್ತಿದ್ದ ಹಾಗೇ ಆ ಸದ್ದನ್ನು ಮಾರ್ಪಡಿಸಿ ಸ್ಪೀಕರಿಗೆ ಕಳಿಸಿದರು. ಯಂತ್ರ ಮೊದಲೇ ಮುದ್ರಿಸಿದ್ದನ್ನು ಒಪ್ಪಿಸುವುದು ಬಿಟ್ಟು, ಈಗ ಬರುತ್ತಿರುವುದನ್ನು ತೆಗೆದುಕೊಂಡಿತು. 1981ರಲ್ಲಿ ಪಿಯೆರ್ ಬುಲೆಜ್ ಅವರ ‘ರೆಪೋನ್’ ಬಂತು. ಹೆಸರಿನ ಅರ್ಥವೇ ಉತ್ತರ. ನಡುವೆ ವಾದ್ಯವೃಂದ, ಅದರ ಸುತ್ತ ಪ್ರೇಕ್ಷಕರು, ಪ್ರೇಕ್ಷಕರ ಸುತ್ತ ಆರು ಜನ ಏಕವಾದಕರು. ಅವರು ನುಡಿಸಿದ ಒಂದು ಮೀಟನ್ನು 4ಎಕ್ಸ್ ಎಂಬ ಕಂಪ್ಯೂಟರ್ ಹಿಡಿದು, ಬದಲಾಯಿಸಿ, ಸಭಾಂಗಣದ ಸುತ್ತ ಓಡಾಡಿಸುತ್ತಿತ್ತು.

ನನ್ನ ಪ್ರಕಾರ ದೊಡ್ಡ ತಿರುವು ಇದರ ಮೂರು ವರ್ಷದ ನಂತರದ್ದು. 1984ರಲ್ಲಿ ರೋಜರ್ ಡ್ಯಾನೆನ್‌ಬರ್ಗ್ ಮತ್ತು ಬ್ಯಾರಿ ವರ್ಕೊ ಬೇರೆ ಬೇರೆಯಾಗಿ ಒಂದೇ ವಿಷಯ ಮುಂದಿಟ್ಟರು: ಕಂಪ್ಯೂಟರಿನ ಕೈಗೆ ಸ್ವರಲಿಪಿ ಕೊಡೋಣ, ನುಡಿಸುವವರನ್ನು ಕೇಳಿಕೊಂಡು ಅವರು ಈಗ ಯಾವ ಸಾಲಿನಲ್ಲಿದ್ದಾರೆ ಅಂತ ಅದೇ ಹುಡುಕಿಕೊಳ್ಳಲಿ. ನಿಧಾನ ಮಾಡಿದರೆ ನಿಧಾನ, ಬೇಗ ಹೋದರೆ ಬೇಗ. 1987ರಲ್ಲಿ ಫಿಲಿಪ್ ಮನೂರಿ ಕೊಳಲು ಮತ್ತು ಕಂಪ್ಯೂಟರಿಗೆ ‘ಜುಪಿಟರ್’ ಬರೆದಾಗ ಇದು ಕಚೇರಿಗೆ ಬಂತು. ಕೊಳಲಿನವರು ಉಸಿರು ತೆಗೆದುಕೊಳ್ಳಲು ನಿಂತರೆ ಕಂಪ್ಯೂಟರ್ ಕಾಯಬೇಕು. ಪಕ್ಕವಾದ್ಯದವರು ಮಾಡುವ ಕೆಲಸ ಇದಲ್ಲವೇ? ಪಿಟೀಲಿನವರು ಹಾಡುವವರ ಬಾಯಿ ನೋಡುತ್ತಾ ಅರ್ಧ ಕ್ಷಣ ಹಿಂದೆ ಹೋಗುವ ಹಾಗೆ.

ಈಗ ಬೆಂಗಳೂರಿನಲ್ಲಿ ಇಂಥ ಕೃತಿ ಬರೆಯಲು ಕೂತವರ ಮುಂದೆ ಏನೇನಿದೆ ನೋಡೋಣ. ದಾರಿ ತೋರಿದವರು ಊರಿನಲ್ಲೇ ಇದ್ದಾರೆ. ಇಲ್ಲೇ ನೆಲೆಸಿರುವ ಪಿಟೀಲು ವಿದ್ವಾಂಸ ಎಲ್. ಸುಬ್ರಮಣ್ಯಂ ಅವರ ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಕೃತಿಯನ್ನು 1985ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ನುಡಿಸಿತು, ನಡೆಸಿದ್ದು ಜುಬಿನ್ ಮೆಹ್ತಾ. ಬೆಂಗಳೂರಿನ ರಿಕಿ ಕೇಜ್ 2023ರಲ್ಲಿ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್‌ನ ನೂರು ಜನರಿಂದ ನಮ್ಮ ರಾಷ್ಟ್ರಗೀತೆ ನುಡಿಸಿದರು. ಎರಡು ಸಲವೂ ಆರ್ಕೆಸ್ಟ್ರಾ ಹೊರದೇಶದ್ದು ಅನ್ನುವುದನ್ನು ಗಮನಿಸಿ. ಮುಂಬೈನ ಎನ್‌ಸಿಪಿಎ ಕಲಾಕೇಂದ್ರ 2006ರಲ್ಲಿ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಕಟ್ಟಿತು. ನಮ್ಮಲ್ಲಿ 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಶಾಲೆ ಇದೆ, ಕಲಿತ ಮಕ್ಕಳಿದ್ದಾರೆ, ಆದರೆ ತಿಂಗಳ ಸಂಬಳಕ್ಕೆ ನುಡಿಸುವ 80 ಜನರ ತಂಡ ಇಲ್ಲ. ಹಾಗಾಗಿ ಇಲ್ಲಿ ಬರೆಯುವ ಹುಡುಗ ಹುಡುಗಿಯರು ತಮ್ಮ ಆರ್ಕೆಸ್ಟ್ರಾವನ್ನು ಮೊದಲು ಕೇಳುವುದೇ ಲ್ಯಾಪ್‌ಟಾಪಿನಲ್ಲಿ. ಬೇರೆ ಯಾರೋ, ಬೇರೆ ಎಲ್ಲೋ ಒಂದೊಂದೇ ಸ್ವರವಾಗಿ ನುಡಿಸಿಟ್ಟ ಪಿಟೀಲುಗಳನ್ನು ಜೋಡಿಸಿ ಕೇಳುತ್ತಾರೆ.

ಆಮೇಲೆ ಜನ ಸೇರಿದರು ಅಂದುಕೊಳ್ಳಿ. ಆಗ ವೇದಿಕೆಯಲ್ಲಿ ಮೂವರು ಯಜಮಾನರು. ಪಾಶ್ಚಾತ್ಯ ತಂತಿವಾದ್ಯದವರು ನೋಡುವುದು ನಿರ್ವಾಹಕರ ಕೋಲು. ಮೃದಂಗದವರು ನೋಡುವುದು ಹಾಡುವವರ ತಾಳದ ಕೈ. ಲ್ಯಾಪ್‌ಟಾಪ್ ಯಾರನ್ನೂ ನೋಡದೆ ಎಲ್ಲರ ಇಯರ್‌ಫೋನಿಗೆ ಟಿಕ್ ಟಿಕ್ ಅಂತ ಕ್ಲಿಕ್ ಕಳಿಸುತ್ತದೆ. ಜೊತೆಗೆ ದೂರದ ಲೆಕ್ಕ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯ ಈ ತುದಿಯಿಂದ ಆ ತುದಿಗೆ 17 ಮೀಟರ್ ಇದ್ದರೆ ತಾಳವಾದ್ಯದ ಪೆಟ್ಟು ಸೆಕೆಂಡಿನ 20ನೇ ಒಂದು ಭಾಗ ತಡವಾಗಿ ಕೇಳುತ್ತದೆ. ತನಿಯಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಮುಕ್ತಾಯದ ಹೊತ್ತಿಗೆ ಅಷ್ಟು ತಡ ಅಂದರೆ ಬಹಳ.

ಕ್ಲಿಕ್ ಎಲ್ಲರಿಗೂ ಕೊಟ್ಟುಬಿಟ್ಟರೆ ಸುಲಭ. ತುಂಬ ಜನ ಹಾಗೇ ಮಾಡುತ್ತಾರೆ, ನಾನು ನೋಡಿದ ಆ ಕಲ್ಯಾಣಿಯಲ್ಲೂ ಅದೇ ಆಗಿದ್ದು. ಬೇಟ್ಸ್ ಮಾಡುವ ಹಾಗೆ ಒಬ್ಬ ಮನುಷ್ಯನನ್ನು ಪ್ಯಾಡಿನ ಮುಂದೆ ಕೂರಿಸಿ, ಎಲೆಕ್ಟ್ರಾನಿಕ್ ಭಾಗವನ್ನು ತುಂಡು ತುಂಡು ಮಾಡಿ ಒಂದೊಂದನ್ನೂ ಕೈಯಲ್ಲಿ ಬಿಡಿಸುವುದು ಕಷ್ಟ. ಅದಕ್ಕೆ ಅಭ್ಯಾಸದ ದಿನಗಳು ಬೇಕು. ಆದರೆ ನಮ್ಮ ಸಂಗೀತಕ್ಕೆ ಹೊಂದುವುದು ಅದೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ತಾಳವಿಲ್ಲದ ಆಲಾಪನೆಗೆ ಕ್ಲಿಕ್ ಇರಲೇಬಾರದು. ಕೀಬೋರ್ಡಿನ ಗಾಂಧಾರವನ್ನು 14 ಸೆಂಟ್ ಇಳಿಸಿ ಕೊಡುವುದು ಇವತ್ತಿನ ಸಾಫ್ಟ್‌ವೇರಿಗೆ ಒಂದು ನಿಮಿಷದ ಕೆಲಸ, ಅದನ್ನು ಮಾಡದೇ ಇರುವುದಕ್ಕೆ ನೆಪವಿಲ್ಲ. ಇದಕ್ಕೆ ಬೇಕಾದ ಕೈ ಈ ಊರಿನಲ್ಲಿ ಆಗಲೇ ಇದೆ. ಗಾಯಕಿ ಪಲ್ಲವಿಯನ್ನು ಇನ್ನೊಂದು ಸಲ ಹಾಡಿದರೆ ತಡವರಿಸದೆ ಜೊತೆಗೆ ಹೋಗುವ ಪೆಂಡಾಲಿನ ಪ್ಯಾಡ್‌ನವರು ಮೂವತ್ತು ನಲವತ್ತು ವರ್ಷದಿಂದ ಮಾಡುತ್ತಿರುವುದು ಇದನ್ನೇ. ಅವರನ್ನು ಸಿಂಫನಿ ವೇದಿಕೆಗೆ ಯಾರೂ ಕರೆದಿಲ್ಲ ಅಷ್ಟೆ.

ನಮ್ಮ ರಸ್ತೆಗೆ ಪ್ರತಿ ವರ್ಷ ಬರುವ ಪ್ಯಾಡ್‌ನವರೊಬ್ಬರನ್ನು ಹೋದ ಹಬ್ಬದಲ್ಲಿ ಮಾತಾಡಿಸಿದೆ. “ಅಣ್ಣಾ, ನಿಮ್ಮ ತಮಟೆ ಸದ್ದು ಬೇರೆಯವರ ಹಾಗಿಲ್ಲ, ಎಲ್ಲಿಂದ ತಂದ್ರಿ?” ಅಂತ ಕೇಳಿದೆ. ಮಾಗಡಿ ಕಡೆ ಅವರ ಊರು. ಅವರ ದೊಡ್ಡಪ್ಪ ಜಾತ್ರೆಯಲ್ಲಿ ತಮಟೆ ಬಡಿಯುತ್ತಿದ್ದವರು. ತೀರಿಹೋಗುವ ಎರಡು ವರ್ಷ ಮುಂಚೆ ಹಿತ್ತಿಲಲ್ಲಿ ಕೂರಿಸಿ, ಬೆಂಕಿಗೆ ಕಾಯಿಸಿದ ತಮಟೆಯನ್ನು ಒಂದೊಂದೇ ಪೆಟ್ಟಾಗಿ ಬಡಿಸಿ ರೆಕಾರ್ಡ್ ಮಾಡಿಕೊಂಡರಂತೆ. ಮೆಲ್ಲಗೆ ಹೊಡೆದರೆ ಒಂದು ಪೆಟ್ಟು, ಜೋರಾಗಿ ಹೊಡೆದರೆ ಇನ್ನೊಂದು ಬರುವ ಹಾಗೆ ಪ್ಯಾಡಿಗೆ ತುಂಬಿಕೊಂಡಿದ್ದಾರೆ. ಆ ಮೆಮೊರಿ ಕಾರ್ಡಿನ ಇನ್ನೊಂದು ಪ್ರತಿ ಮನೆಯಲ್ಲಿ ದೇವರ ಗೂಡಿನಲ್ಲಿದೆ ಅಂದರು. ಅಷ್ಟರಲ್ಲಿ ಸ್ಟೇಜಿನ ಮೇಲಿಂದ ಕರೆದರು. ಹೋಗಿ ಕೂತರು, ಹಾಡುವವಳ ಕಡೆ ತಿರುಗಿ, ಕೋಲು ಎತ್ತಿ ಹಿಡಿದು ಕಾದರು.